ಅನಗೋಳದ ಒಣಗೊಂಬೆ

ಬೆಳಗಾವಿಯ ದಕ್ಷಿಣಕ್ಕೆ, ರೈಲು ಹಳಿಯ ನಾಲ್ಕನೆಯ ಗೇಟಿನ ಬಳಿ ಬಂದರೆ ಅನಗೋಳ. ಇದನ್ನು ಊರೆಂದು ಕರೆಯಬೇಕೋ ನಗರದ ಬಡಾವಣೆಯೆಂದು ಕರೆಯಬೇಕೋ ಇಲ್ಲಿಯವರಾದ ನಮಗೇ ಇನ್ನೂ ನಿಶ್ಚಯವಾಗಿಲ್ಲ. ಒಂದು ಓಣಿಯಲ್ಲಿ ಸಂಜೆಗೆ ಎಮ್ಮೆಗಳು ಮನೆಗೆ ಮರಳುತ್ತಿರುತ್ತವೆ. ಪಕ್ಕದ ಓಣಿಯಲ್ಲಿ ನಾಲ್ಕಂತಸ್ತಿನ ಕಟ್ಟಡಕ್ಕೆ ಕಾಂಕ್ರೀಟು ಏರುತ್ತಿರುತ್ತದೆ. ಮನೆಗಳ ಸಾಲು ಮುಗಿದಲ್ಲಿ ಬೆಳಗಾವಿಯ ಬಾಸಮತಿಗೆ ಹೆಸರಾದ ಭತ್ತದ ಗದ್ದೆಗಳು. ಅವುಗಳಾಚೆ ಯಳ್ಳೂರಿನ ಗುಡ್ಡದ ಮೇಲೆ ರಾಜಹಂಸಗಡದ ಕೋಟೆ. ಮಳೆಗಾಲದ ಬೆಳಿಗ್ಗೆ ಆ ಕೋಟೆ ಮೋಡದಲ್ಲಿ ಮುಳುಗಿ ಎದ್ದು ಮತ್ತೆ ಮುಳುಗುವುದನ್ನು ನೋಡುತ್ತ ಚಹ ಕುಡಿಯುವುದು ನಿವೃತ್ತನಾದ ಮೇಲೆ ನಾನು ಮಾಡಿಕೊಂಡ ಏಕೈಕ ದುರಭ್ಯಾಸ.

ನಮ್ಮ ಹಿತ್ತಿಲಿನಲ್ಲಿ ಒಂದು ಮಾವಿನ ಮರವುಂಟು. ಅದಕ್ಕೂ ನನಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಇಬ್ಬರಲ್ಲಿಯೂ ಒಣಗಿದ ಭಾಗಗಳು ಇದ್ದೇ ಇವೆ. ಮರದ ಅಂಥ ಒಂದು ಭಾಗ, ತೊಡೆಗಾತ್ರದ ಒಣಗೊಂಬೆ, ನೆರೆಯವರ ತಗಡಿನ ಮಾಡಿನ ಮೇಲೆ ಚಾಚಿಕೊಂಡಿತ್ತು. ಕಳೆದ ವರ್ಷ ಮಾರ್ಚ್ ತಿಂಗಳ ಕೊನೆಯಲ್ಲಿ, ಅಡ್ಡಮಳೆಯ ಗಾಳಿ ಎದ್ದು ಅದು ಯಾರ ತಲೆಯ ಮೇಲಾದರೂ ಬೀಳುವ ಮುಂಚೆ ಕಡಿಸಿಬಿಡೋಣವೆಂದು ಒಬ್ಬ ಕೂಲಿಯವನನ್ನು ಕರೆಸಿದೆ. ಕೊಡಲಿಯ ಪೆಟ್ಟು ಬಿದ್ದಂತೆಲ್ಲ ಎರಡು ಹಸಿರು ಹಕ್ಕಿಗಳು ತಂತಿಯ ಮೇಲೆ ಕುಳಿತು ಕೂಗಿಕೊಂಡವು. ಕೇಳಿದೆ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಂಬೆ ಬಿದ್ದು ಸೀಳಿದಾಗ ಒಳಗಿನ ಪೊಟರೆ ಬಯಲಾಯಿತು. ಅದರಲ್ಲಿ ಮೂರು ಮರಿಗಳು. ಎರಡು ಆಗಲೇ ಸತ್ತಿದ್ದವು. ಮೂರನೆಯದು ಬಾಯಿ ತೆರೆದೇ ಇತ್ತು.

ಕೂಲಿಯವನು ನನಗಿಂತ ಕರುಣಾಳು. ಸೀಳಿದ ತುಂಡುಗಳನ್ನು ಜೋಡಿಸಿ, ಮರಿಯನ್ನು ಒಳಗಿಟ್ಟು, ಹುರಿಹಗ್ಗದಿಂದ ಬೊಡ್ಡೆಗೆ ಬಿಗಿದು ಕಟ್ಟಿ, ಕೂಲಿಯಲ್ಲಿ ಹತ್ತು ರೂಪಾಯಿ ಕಡಿಮೆಯನ್ನೇ ತೆಗೆದುಕೊಂಡು ಹೋದ. ತಂದೆತಾಯಿ ಹಕ್ಕಿಗಳು ಎರಡು ದಿನ ಸುತ್ತಲೂ ಹಾರಿದವು, ಹಣ್ಣು ಕಚ್ಚಿಕೊಂಡು ಬಂದು ಸಮೀಪದ ಟೊಂಗೆಯಲ್ಲಿ ಕುಳಿತವು. ಒಳಗೆ ಮಾತ್ರ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವು ಬರಲಿಲ್ಲ. ಬರುವ ಕಾರಣವೂ ಉಳಿದಿರಲಿಲ್ಲ.

ರಜೆಗೆಂದು ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಮೊಮ್ಮಗಳು ಈ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿಕೊಂಡು ನೇರವಾಗಿ ನನ್ನ ಕುರ್ಚಿಯ ಬಳಿ ಬಂದಳು. ಬೈಯುವಳೆಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆಯೇ.

“ಅಜ್ಜಾ, ಇಷ್ಟ್ ಗಿಡ ಅದಾವಲ್ಲ, ಅವು ಆ ಒಣಾ ಟೊಂಗಿನ ಯಾಕ ಆರಿಸಿದ್ವು?”

ಉತ್ತರ ನನಗೆ ತಿಳಿದಿರಲಿಲ್ಲ. ಅರವತ್ತೆಂಟು ವರ್ಷದವನಿಗೆ ಹತ್ತು ವರ್ಷದವಳೆದುರು ಹಾಗೆ ಒಪ್ಪಿಕೊಳ್ಳುವುದು ಸುಲಭವಲ್ಲವೆಂಬುದನ್ನು ಅಜ್ಜಂದಿರಾದ ವಾಚಕರು ಬಲ್ಲರು.

ಆ ಹಕ್ಕಿ ಕುಟ್ರು. ಹಸಿರು ಮೈ, ಕಂದು ತಲೆ, ಕಣ್ಣಿನ ಕೆಳಗೆ ಬಿಳಿಯ ಪಟ್ಟೆ. “ಕುಟ್ರೂ ಕುಟ್ರೂ” ಎಂಬ ಕೂಗನ್ನು ಬೇಸಿಗೆಯ ಮಧ್ಯಾಹ್ನಗಳಲ್ಲಿ ಕೇಳದವರಿಲ್ಲ. ಮೂಲತಃ ಇದು ಪಶ್ಚಿಮ ಘಟ್ಟದ ಕಾಡಿನ ಜೀವಿ. ಮರಗಳಿರುವ ತೋಟ, ಊರುಗಳಿಗೂ ಬಂದು ನೆಲೆಸಿದೆ. ಪುಸ್ತಕಗಳನ್ನು ತಿರುವಿದ ಮೇಲೆ ನನಗೆ ತಿಳಿದದ್ದು ಇಷ್ಟು: ಗಂಡು ಹೆಣ್ಣು ಎರಡೂ ಸೇರಿ ಪೊಟರೆಯನ್ನು ಕೊರೆಯುವುದಕ್ಕೆ ಸುಮಾರು 20 ದಿನ; ಆಮೇಲೆ ಮೂರು ನಾಲ್ಕು ದಿನಕ್ಕೆ ಮೊಟ್ಟೆ; ಕಾವು ಕೂಡುವುದು 14-15 ದಿನ; ಮರಿ ಬೆಳೆದು ಹಾರುವುದಕ್ಕೆ ಮತ್ತೆ 36-38 ದಿನ. ಒಟ್ಟಿನಲ್ಲಿ ಎರಡೂವರೆ ತಿಂಗಳ ಸಂಸಾರ. ನನ್ನ ಕೊಡಲಿ ಇನ್ನೊಂದು ತಿಂಗಳು ತಾಳಿದ್ದರೆ ಆ ಮೂರೂ ಹಾರಿಹೋಗಿರುತ್ತಿದ್ದವು. ಅಷ್ಟರಲ್ಲಿ ತಗಡಿಗೇನೂ ಆಗುತ್ತಿರಲಿಲ್ಲ. ಈ ಲೆಕ್ಕವನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಮಾಡಿದೆ.

ಕುಟ್ರು ಹಸಿಯಾದ ಗಟ್ಟಿ ಮರವನ್ನು ಕೊರೆಯಲಾರದು. ಅದರ ಕೊಕ್ಕು ದಪ್ಪವಾದರೂ ಮರಕುಟಿಗನದರಂತೆ ಉಳಿಯಲ್ಲ. ಅದಕ್ಕೆ ಬೇಕಾದುದು ಸತ್ತು ಮೆತ್ತಗಾದ ಕೊಂಬೆ. ಆದರೆ ಪುಡಿಯಾಗಿ ಉದುರುವಷ್ಟು ಸತ್ತಿರಬಾರದು. ಬಾಯಿ ತನ್ನ ಮೈ ಮಾತ್ರ ನುಸುಳುವಷ್ಟು ಕಿರಿದಾಗಿರಬೇಕು. ಮಳೆಯ ನೀರು ಒಳಗಿಳಿಯಬಾರದು. ಅಳಿಲಿಗೂ ಹಾವಿಗೂ ದಾರಿ ಕಷ್ಟವಾಗಬೇಕು. ಹಣ್ಣಿನ ಮರ ಹತ್ತಿರದಲ್ಲಿರಬೇಕು. ನಾವು ಮನೆ ನೋಡಲು ಹೋದಾಗ ನೀರು, ಗಾಳಿ, ಶಾಲೆ, ಸಂತೆ ಎಂದು ವಿಚಾರಿಸುವುದಿಲ್ಲವೇ? ನಮಗೆ ಕಸವಾಗಿ ಕಂಡ ಕೊಂಬೆ ಅವುಗಳಿಗೆ ಈ ಎಲ್ಲ ಷರತ್ತುಗಳಿಗೂ ಒಪ್ಪಿದ ನಿವೇಶನ.

ಮರುದಿನ ಅಜ್ಜ ಮೊಮ್ಮಗಳು ಅನಗೋಳದ ಓಣಿಗಳಲ್ಲಿ ಅಂಥ ನಿವೇಶನಗಳನ್ನು ಎಣಿಸುತ್ತ ಹೊರಟೆವು. ತೆಂಗು, ಗುಲ್‌ಮೊಹರ್, ಗೋಡೆಯ ಪಕ್ಕದ ಕಂಬದಂಥ ಅಶೋಕ, ಎಳೆಯ ಸಾಗುವಾನಿ, ಹಸಿರಿಗೆ ಬರವಿರಲಿಲ್ಲ. ಒಣಗೊಂಬೆ ಮಾತ್ರ ಇರಲಿಲ್ಲ. ನಾವೆಲ್ಲರೂ ಅಚ್ಚುಕಟ್ಟಾದ ಗೃಹಸ್ಥರು, ಒಣಗಿದ್ದನ್ನು ಕಡಿಸಿಬಿಡುತ್ತೇವೆ. ಬೆಳಗಿನಿಂದ ಹನ್ನೊಂದು ಗಂಟೆಯವರೆಗೆ ನಡೆದು ನಾಲ್ಕು ಪೊಟರೆಗಳು ಸಿಕ್ಕವು. ಎರಡರಲ್ಲಿ ಮೈನಾಗಳಿದ್ದವು, ಒಂದರಿಂದ ಗಿಳಿಯೊಂದು ನಮ್ಮನ್ನು ಇಣುಕಿ ನೋಡಿತು. ಇವೆರಡೂ ಸ್ವತಃ ಕೊರೆಯುವುದನ್ನು ಕಷ್ಟಪಟ್ಟು ಮಾಡುವ ಪೈಕಿಯಲ್ಲ. ಕುಟ್ರು, ಮರಕುಟಿಗಗಳು ಕೊರೆದು ಬಿಟ್ಟದ್ದನ್ನು, ಕೆಲವೊಮ್ಮೆ ಬಿಡದಿದ್ದುದನ್ನೂ, ಆಕ್ರಮಿಸುವಂಥವು. ಹಳೆಯ ಮರಗಳನ್ನು ನೋಡಬೇಕೆಂದರೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಆವರಣಕ್ಕೋ ಕ್ಯಾಂಪಿನ ಕಡೆಗೋ ಹೋಗಬೇಕು. ಆ ಕ್ಯಾಂಪಿನಲ್ಲಿದ್ದ ಇ. ಎ. ಬಟ್ಲರ್ ಎಂಬ ಸೇನಾಧಿಕಾರಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯೊಂದನ್ನು 1881ರಲ್ಲಿ ಪ್ರಕಟಿಸಿದ. ಅದು ಅಚ್ಚಾದುದು ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ. ಅದರ ಸಂಪಾದಕ, ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣನಾದ ಅದೇ ಹ್ಯೂಮ್ ಸಾಹೇಬ. ಬಟ್ಲರನು ಬೆಳಗಾವಿಯ ಸುತ್ತ ಕಂಡ ಗೂಡುಗಳ ಟಿಪ್ಪಣಿಗಳು ಹ್ಯೂಮನ ಗ್ರಂಥದಲ್ಲಿ ಅಲ್ಲಲ್ಲಿ ಬರುತ್ತವೆ. ಆ ಕಾಲದ ಪಕ್ಷಿಪ್ರೇಮಿಗಳಂತೆ ಆತನೂ ಗೂಡು ಕಂಡರೆ ಮೊಟ್ಟೆ ತೆಗೆದುಕೊಳ್ಳುತ್ತಿದ್ದನೆಂಬುದನ್ನು ಮೊಮ್ಮಗಳಿಗೆ ಹೇಳಲಿಲ್ಲ. ನನ್ನ ಪಕ್ಷದವನೊಬ್ಬ ಸಿಕ್ಕನೆಂದು ನಾನು ಸಮಾಧಾನಪಟ್ಟುಕೊಂಡಂತೆ ಆದೀತು.

“ಕಾಡಿನ್ಯಾಗ ಹ್ಯಾಂಗ ಇರತೈತಿ?” ಎಂಬುದು ಅವಳ ಮುಂದಿನ ಪ್ರಶ್ನೆ. ಖಾನಾಪುರದಲ್ಲಿ ನಮ್ಮ ನೆಂಟರೊಬ್ಬರ ಮನೆಯುಂಟು. ಏಪ್ರಿಲ್ ಮಧ್ಯದ ಒಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದೆವು.

ಪೀರನವಾಡಿ, ಮಚ್ಛೆ, ದೇಸೂರು. ಒಂದು ಕಾಲಕ್ಕೆ ಈ ದಾರಿಯ ಎರಡು ಪಕ್ಕಗಳಲ್ಲಿ ಆಲ, ಮಾವುಗಳ ನೆರಳಿತ್ತು. ಗೋವೆಯ ಹೆದ್ದಾರಿಯನ್ನು ಅಗಲಗೊಳಿಸಿದಾಗ ಆ ಸಾಲುಮರಗಳಲ್ಲಿ ಬಹಳಷ್ಟು ಉರುಳಿದವು. ಬಸ್ಸು ಈಗ ಬೇಗ ಮುಟ್ಟುತ್ತದೆ, ಅದನ್ನು ಅಲ್ಲಗಳೆಯಲಾರೆ. ಹೆಂಚಿಗೆ ಹೆಸರಾದ ಖಾನಾಪುರ ಮಲಪ್ರಭೆಯ ದಂಡೆಯ ಮೇಲೆ ಶಾಂತವಾಗಿ ಕುಳಿತ ಊರು. ನೆಂಟರ ಮನೆಯ ಉಪಚಾರವನ್ನು ವರ್ಣಿಸಿದರೆ ಲೇಖನ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಮಧ್ಯಾಹ್ನದ ಬಸ್ಸಿನಲ್ಲಿ ಜಾಂಬೋಟಿಯ ಕಡೆಗೆ ಹೊರಟೆವೆಂದಷ್ಟೇ ಹೇಳುವೆ.

ಬೆಳಗಾವಿಯಿಂದ ಪಡುವಣಕ್ಕೆ ಹೋಗುವವನು ಒಂದೇ ದಿನದಲ್ಲಿ ಎರಡು ದೇಶಗಳನ್ನು ಕಾಣುತ್ತಾನೆ. ಮೂಡಣಕ್ಕೆ ಬಯಲುಸೀಮೆಯ ಜೋಳ; ಪಡುವಣಕ್ಕೆ ಮಲಪ್ರಭೆ ಹುಟ್ಟುವ ಕಣಕುಂಬಿ, ಮಹದಾಯಿ ಹುಟ್ಟುವ ಭೀಮಗಡದ ಕಣಿವೆಗಳು. ಅರ್ಧ ದಿನದ ದಾರಿಯಲ್ಲಿ ಮಳೆ ಹಲವು ಪಟ್ಟು ಹೆಚ್ಚುತ್ತದೆ, ಮರಗಳು ಎತ್ತರವಾಗುತ್ತವೆ. ಮತ್ತಿ, ನಂದಿ, ಹೊನ್ನೆ, ಕಿಂದಳ, ತಾರೆ. ಆಮೇಲೆ ಎಲೆ ಉದುರದ ಕಡುಹಸಿರಿನ ಮರಗಳು. ಆದರೆ ಬಸ್ಸಿನ ಕಿಟಕಿಯಿಂದ ನೋಡಿದಾಗ ಕಾಡು ಒಂದೇ ಹಾಸಾಗಿ ಕಾಣುವುದಿಲ್ಲ. ಒಂದು ತುಂಡು ಕಾಡು, ಗದ್ದೆ, ಗೇರುತೋಟ, ಮತ್ತೆ ಒಂದು ತುಂಡು ಕಾಡು, ಸಾಲಾಗಿ ಸಿಪಾಯಿಗಳಂತೆ ನಿಂತ ಅಕೇಶಿಯಾ, ಕಬ್ಬು.

ತುಂಡಾದ ಕಾಡಿಗೂ ಇಡಿಯಾದ ಕಾಡಿಗೂ ವ್ಯತ್ಯಾಸವೇನೆಂದು ಮೊಮ್ಮಗಳಿಗೆ ವಿವರಿಸಲು ಬುತ್ತಿಯ ರೊಟ್ಟಿ ಒದಗಿಬಂದಿತು. ಇಡೀ ರೊಟ್ಟಿಗೆ ಸುತ್ತಲೂ ಒಂದೇ ಅಂಚು. ನಡುವೆ ಮೆತ್ತಗಿನ ಭಾಗ ಧಾರಾಳ. ಅದನ್ನೇ ಎಂಟು ಚೂರು ಮಾಡಿದರೆ ರೊಟ್ಟಿ ಅಷ್ಟೇ ಇರುತ್ತದೆ, ಅಂಚು ಮಾತ್ರ ಬೆಳೆಯುತ್ತದೆ. ಕಾಡಿನ ಅಂಚಿನಲ್ಲಿ ಬಿಸಿಲು ಹೆಚ್ಚು, ಗಾಳಿ ಹೆಚ್ಚು, ತೇವ ಕಡಿಮೆ. ಊರಿನ ಕಾಗೆ, ಬೆಕ್ಕುಗಳು ಒಳನುಗ್ಗುವುದೂ ಅಲ್ಲಿಂದಲೇ. ಈ ಉಪದ್ರವ ನೂರು ಮೀಟರ್ ಒಳಕ್ಕೆ ಹಬ್ಬುತ್ತದೆಂದು ಇಟ್ಟುಕೊಳ್ಳೋಣ. ಒಂದು ಕಿಲೋಮೀಟರ್ ಉದ್ದಗಲದ ಚೌಕಾಕಾರದ ಕಾಡಿನಲ್ಲಿ ನೂರಕ್ಕೆ 64 ಪಾಲು ನೆಮ್ಮದಿಯ ಒಳಗಾಡಾಗಿ ಉಳಿಯುತ್ತದೆ. ಮುನ್ನೂರು ಮೀಟರಿನ ಚೌಕವಾದರೆ ಒಂಬತ್ತರಲ್ಲಿ ಒಂದು ಪಾಲು. ಇನ್ನೂರು ಮೀಟರಿಗೆ ಇಳಿದರೆ ಒಳಗಾಡೇ ಇಲ್ಲ, ಎಲ್ಲವೂ ಅಂಚು.

ಇದರಿಂದ ಎಲ್ಲ ಹಕ್ಕಿಗಳಿಗೂ ಕೇಡೆಂದು ತಿಳಿಯಬಾರದು. ಕಾಜಾಣ, ಪಿಕಳಾರಗಳು ಅಂಚನ್ನೇ ಮೆಚ್ಚುತ್ತವೆ. ಕಾಜಾಣದ ಧೈರ್ಯವಂತೂ ಪ್ರಸಿದ್ಧ; ಗೂಡಿನ ಬಳಿ ಸುಳಿದ ಕಾಗೆಯನ್ನೂ ಹದ್ದನ್ನೂ ಅಟ್ಟಿಕೊಂಡು ಹೋಗುತ್ತದೆ. ಈ ಸೀಮೆಯ ಮರಾಠಿ ಮಾತಿನಲ್ಲಿ ಅದಕ್ಕೆ ‘ಕೋತವಾಲ’ ಎಂಬ ಹೆಸರೇ ಉಂಟು. ಹೊನ್ನಕ್ಕಿ, ಬೆಳವ, ಪಿಕಳಾರಗಳಂಥ ಸಾಧುಗಳು ಅದು ಗೂಡು ಕಟ್ಟಿದ ಮರದಲ್ಲಿಯೇ ತಾವೂ ಗೂಡು ಕಟ್ಟುವುದುಂಟು. ಪೊಲೀಸ್ ಠಾಣೆಯ ಪಕ್ಕದಲ್ಲಿ ಮನೆ ಮಾಡಿದಂತೆ. ಆದರೆ ಕಾಕರಣೆ ಹಕ್ಕಿ ಬೇರೆ ಸ್ವಭಾವದ್ದು. ಗಂಡಿನ ಕರಿಯ ತಲೆ, ಗುಲಾಬಿಗೆಂಪಿನ ಎದೆ ನೋಡಿದವರು ಮರೆಯಲಾರರು. ನೋಡುವುದೇ ಕಷ್ಟ, ಏಕೆಂದರೆ ಅದು ದಟ್ಟ ನೆರಳಿನೊಳಗೆ ಅಲ್ಲಾಡದೆ ಕುಳಿತಿರುವ ಹಕ್ಕಿ. ಕೊಳೆತ ಮೋಟುಮರವನ್ನು ಹೆಚ್ಚು ಎತ್ತರವಲ್ಲದ ಕಡೆ ಕೆತ್ತಿ ತೆರೆದ ಬಟ್ಟಲಿನಂಥ ಗೂಡು ಮಾಡುತ್ತದೆ. ಆ ಗೂಡಿಗೆ ಬಾಗಿಲಿಲ್ಲ, ಕಾವಲಿಲ್ಲ. ಸುತ್ತಲಿನ ನೆರಳೇ ಅದರ ಗೋಡೆ. ನೆರಳು ಹೋದರೆ ಅದೂ ಹೋಗುತ್ತದೆ.

ಜಾಂಬೋಟಿಯಿಂದ ಒಳಗೆ ಒಂದು ಹಳ್ಳಿಯಲ್ಲಿ, ನೆಂಟರ ಪರಿಚಯದ ರೈತರೊಬ್ಬರು ನಮ್ಮನ್ನು ಕಾಯುತ್ತಿದ್ದರು. ಎಪ್ಪತ್ತರ ಸಮೀಪದವರು, ಮರಾಠಿ ಬೆರೆತ ಕನ್ನಡ, ಹೆಗಲ ಮೇಲೊಂದು ಕುಡುಗೋಲು. ಊರ ಹೊರಗಿನ ದೇವರ ಕಾಡಿಗೆ, ಮರಾಠಿಯವರು ದೇವರಾಯಿ ಎನ್ನುವ ಬನಕ್ಕೆ, ಕರೆದುಕೊಂಡು ಹೋದರು. ಕುಡುಗೋಲನ್ನು ಹೊರಗಿನ ಕಲ್ಲಿನ ಮೇಲೆ ಇಟ್ಟರು. ಒಳಗೆ ಕಬ್ಬಿಣ ಒಯ್ಯುವ ಪದ್ಧತಿ ಅವರ ತಂದೆಯ ಕಾಲದಿಂದಲೂ ಇಲ್ಲವಂತೆ. ಹತ್ತು ಹದಿನೈದು ಎಕರೆಯ ಬನ; ಮೂರು ಕಡೆ ಗೇರು, ಒಂದು ಕಡೆ ಗದ್ದೆ. ಲೆಕ್ಕದ ಪ್ರಕಾರ ಇದು ಬರಿಯ ಅಂಚು. ಆದರೆ ಇಲ್ಲಿಯ ಮರಗಳನ್ನು ತಲೆಮಾರುಗಳಿಂದ ಯಾರೂ ಕಡಿದಿಲ್ಲ, ಒಣಗಿದ್ದನ್ನೂ ಕಡಿದಿಲ್ಲ. ಮಾಧವ ಗಾಡಗೀಳ ಮತ್ತು ವಿ. ಡಿ. ವರ್ತಕ ಎಂಬ ವಿದ್ವಾಂಸರು 1970ರ ದಶಕದಲ್ಲಿ ಇಂಥ ದೇವರ ಬನಗಳನ್ನು ಕುರಿತು ಬರೆದು ವಿಜ್ಞಾನಿಗಳ ಗಮನವನ್ನು ಇತ್ತ ಸೆಳೆದರು. ದೇವರು ಅದಕ್ಕೂ ಮೊದಲಿನಿಂದ ಇಲ್ಲಿದ್ದಾನೆ.

“ಇಲ್ಲೇ ಕೂಡ್ರಿ ಸರ. ಮುಂದ ಹೋದ್ರ ಗಂಡು ಹತ್ರ ಬರೂದಿಲ್ಲ,” ಎಂದು ಅವರು ಒಂದು ಬಂಡೆಯ ಮರೆಗೆ ನಮ್ಮನ್ನು ಕೂಡಿಸಿದರು. ಎದುರಿಗೆ, ಎಪ್ಪತ್ತೆಂಬತ್ತು ಹೆಜ್ಜೆ ದೂರದಲ್ಲಿ ಒಂದು ಭಾರಿ ತಾರೆಯ ಮರ. ನೆಲದಿಂದ ಬಹಳ ಎತ್ತರದಲ್ಲಿ, ಎಂದೋ ಒಂದು ಕೊಂಬೆ ಮುರಿದು ಬಿದ್ದ ಗಾಯದಲ್ಲಿ, ಉದ್ದನೆಯ ಒಂದು ಸೀಳು. ಸೀಳಿನ ಹೊರತು ಉಳಿದ ಭಾಗವನ್ನು ಯಾರೋ ಮಣ್ಣು ಮೆತ್ತಿದಂತೆ ಮುಚ್ಚಲಾಗಿತ್ತು.

ಅರ್ಧ ಗಂಟೆ ಏನೂ ನಡೆಯಲಿಲ್ಲ. ಮೊಮ್ಮಗಳು ಇರುವೆಗಳನ್ನು ಎಣಿಸಿ ಮುಗಿಸಿದಳು. ಆಮೇಲೆ ಮೇಲೆಲ್ಲೋ ಮುದುಕನೊಬ್ಬ ಕೆಮ್ಮಿ ನಕ್ಕಂಥ ಸದ್ದು. ಬೂದುಬಣ್ಣದ, ಉದ್ದ ಬಾಲದ, ಬಾಗಿದ ದೊಡ್ಡ ಕೊಕ್ಕಿನ ಹಕ್ಕಿಯೊಂದು ಹಾರಿ ಬಂದು ಸೀಳಿನ ಬಳಿ ತೊಗಟೆಗೆ ಅಂಟಿಕೊಂಡಿತು. ಗಂಟಲಿನಿಂದ ಅತ್ತಿಯ ಹಣ್ಣೊಂದನ್ನು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಚಾಚಿತು. ಒಳಗಿನಿಂದ ಇನ್ನೊಂದು ಕೊಕ್ಕಿನ ತುದಿ ಕಾಣಿಸಿ ಅದನ್ನು ತೆಗೆದುಕೊಂಡಿತು. ಮತ್ತೊಂದು ಹಣ್ಣು. ಮತ್ತೊಂದು. ಮೊಮ್ಮಗಳು ಹನ್ನೊಂದರವರೆಗೆ ಎಣಿಸಿದಳು.

ಇದು ಮಂಗಟ್ಟೆ, ಪಶ್ಚಿಮ ಘಟ್ಟದ ಹೊರಗೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಬೂದು ಮಂಗಟ್ಟೆ. ಹೆಣ್ಣು ಬೇಸಿಗೆಯ ಆರಂಭದಲ್ಲಿ ಪೊಟರೆಯನ್ನು ಹೊಕ್ಕು, ತನ್ನದೇ ಹಿಕ್ಕೆ, ಹಣ್ಣಿನ ಸಿಪ್ಪೆಗಳಿಂದ ಬಾಗಿಲನ್ನು ಒಳಗಿನಿಂದ ಮೆತ್ತಿಕೊಳ್ಳುತ್ತದೆ. ಕೊಕ್ಕು ಹಾಯುವಷ್ಟು ಮಾತ್ರ ಸೀಳು. ಒಳಗೆ ಕುಳಿತು ರೆಕ್ಕೆಯ ಗರಿಗಳನ್ನು ಉದುರಿಸಿಕೊಳ್ಳುತ್ತದೆ. ಅಂದರೆ ಇನ್ನು ಬೇಕೆಂದರೂ ಹಾರಲಾರದು. ಸುಮಾರು ಮೂರು ತಿಂಗಳ ಕಾಲ ತಾಯಿ ಮರಿಗಳ ಜೀವವೆಲ್ಲ ಹೊರಗಿನ ಒಂದು ಗಂಡಿನ ರೆಕ್ಕೆಯ ಮೇಲೆ ನಿಂತಿರುತ್ತದೆ. ಗಂಡಿಗೆ ಏನಾದರೂ ಆದರೆ ಗೋಡೆಯೊಳಗಿನವುಗಳ ಗತಿ ಏನೆಂಬುದನ್ನು ಹೇಳಬೇಕಾಗಿಲ್ಲ.

ಇಂಥ ಹಕ್ಕಿ ಮನೆಯನ್ನು ಆರಿಸುವುದು ಹೇಗೆ? ಅಷ್ಟು ದೊಡ್ಡ ಕೊಕ್ಕಿದ್ದರೂ ಮಂಗಟ್ಟೆಗೆ ಪೊಟರೆ ಕೊರೆಯಲು ಬಾರದು. ಮರಕುಟಿಗ ಬಿಟ್ಟ ರಂಧ್ರ ಹಿಗ್ಗಿ, ಕೊಂಬೆ ಮುರಿದಲ್ಲಿ ಮಳೆನೀರು ಇಳಿದು ಕೊಳೆತು, ದಶಕಗಳ ಕಾಲ ಮರ ತಾನೇ ತಯಾರಿಸಿದ ಕೋಣೆ ಅದಕ್ಕೆ ಬೇಕು. ಆಣೆಮಲೆಯ ಕಾಡುಗಳಲ್ಲಿ ಈ ಹಕ್ಕಿಯ ಗೂಡುಗಳನ್ನು ಅಭ್ಯಾಸ ಮಾಡಿ ದಿವ್ಯಾ ಮುದ್ದಪ್ಪ ಮತ್ತು ರಘುಪತಿ ಕಣ್ಣನ್ 1997ರಲ್ಲಿ ಪ್ರಕಟಿಸಿದ ಲೇಖನವೂ ಗೂಡಿನ ಮರಗಳು ಸುತ್ತಲಿನ ಮರಗಳಿಗಿಂತ ದಪ್ಪನಾದವೆಂಬುದನ್ನು ತೋರಿಸಿಕೊಟ್ಟಿತು. ಸಿಕ್ಕ ಪೊಟರೆ ಒಪ್ಪಿಗೆಯಾದರೆ ವರ್ಷವರ್ಷವೂ ಅದಕ್ಕೇ ಮರಳುತ್ತದೆ. ಆದರೆ ಮರವೊಂದೇ ಸಾಲದು. ಗಂಡು ಹಾರಿಹೋಗಿ ಬರುವಷ್ಟು ದೂರದಲ್ಲಿ ಬಸರಿ, ಆಲ, ಅತ್ತಿಗಳು ಬೇಸಿಗೆಯಲ್ಲಿ ಹಣ್ಣು ಬಿಡುತ್ತಿರಬೇಕು. ನಡುವೆ ಇಳಿದು ಕೂಡಲು ಎತ್ತರದ ಮರಗಳಿರಬೇಕು. ತುಂಡಾದ ಕಾಡಿನಲ್ಲಿ ಇವೆರಡೂ ಬೇರೆ ಬೇರೆ ತುಂಡುಗಳಲ್ಲಿ ಉಳಿಯುತ್ತವೆ: ಪೊಟರೆ ದೇವರ ಬನದಲ್ಲಿ, ಹಣ್ಣು ಊರ ಕಟ್ಟೆಯ ಮೇಲೆ. ನಮ್ಮ ಎದುರಿನ ಗಂಡು ಬಂದದ್ದು ಗದ್ದೆಯ ಆಚೆಯ ಒಂದೇ ಒಂದು ಬಸರಿ, ಎರಡು ಅತ್ತಿ ಮರಗಳ ಕಡೆಯಿಂದ.

“ಆ ಬಸರಿ ಗಿಡ ಯಾರದ್ರೀ ಅಜ್ಜಾರ?” ಎಂದು ಮೊಮ್ಮಗಳು ಪಿಸುಗುಟ್ಟಿ ಕೇಳಿದಳು.

“ನಮ್ಮ ತಮ್ಮಂದವ್ವಾ. ಹ್ವಾದ ವರ್ಷ ಮಾರ್ತೀನಿ ಅಂದಿದ್ದ.” ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಈ ವರ್ಷ ಮಗಳ ಲಗ್ನ ಐತಿ ಅವಂದು.”

ನಮ್ಮಲ್ಲಿ ಯಾರೂ ಮಾತನಾಡಲಿಲ್ಲ. ಲಗ್ನದ ಖರ್ಚು ಎಂಥದೆಂಬುದು ನನಗೆ ಗೊತ್ತು. ಎರಡು ಹೆಣ್ಣುಮಕ್ಕಳ ಲಗ್ನ ಮಾಡಿದವನು ನಾನು. ಬೂದು ಮಂಗಟ್ಟೆಯನ್ನು ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ 2020ರಲ್ಲಿ ಸೇರಿಸಿದರು. ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಅದೇ ವರ್ಷ ದಾಂಡೇಲಿಯ ಸುತ್ತ ಮಂಗಟ್ಟೆಗಳಿಗೆಂದೇ ಒಂದು ಸಂರಕ್ಷಿತ ಪ್ರದೇಶವೂ ಆಯಿತು. ಸಂತೋಷವೇ. ಆದರೆ ಈ ಗಂಡು ಹಣ್ಣು ತರುವ ಬಸರಿ ಯಾವ ಧಾಮದೊಳಗೂ ಇಲ್ಲ; ಒಬ್ಬ ತಂದೆಯ ಹೊಲದ ಬದುವಿನಲ್ಲಿದೆ.

ಹಿಂದಿರುಗುವಾಗ ಮುದುಕರು ಮೊಮ್ಮಗಳ ಮುಖ ನೋಡಿ, ಅವಳನ್ನು ನಗಿಸಬೇಕೆಂದೋ ಏನೋ, ಒಂದು ಮರದ ಕೆಳಗೆ ನಿಲ್ಲಿಸಿದರು. ಕವಲಿನಲ್ಲಿ ಸಗಣಿಯುಂಡೆಯಂಥ ಕರಿಯ ಇರುವೆಗೂಡು. ಅದರಲ್ಲೊಂದು ದುಂಡನೆಯ ತೂತು. ಕಂದು ಮರಕುಟಿಗದ ಮನೆಯದು! ಮರವನ್ನು ಬಿಟ್ಟು ಇರುವೆಗಳ ಗೂಡನ್ನೇ ಕೊರೆದು, ಕಚ್ಚುವ ಸಾವಿರಾರು ಇರುವೆಗಳ ನಡುವೆ ಮೊಟ್ಟೆಯಿಡುವ ಪುಣ್ಯಾತ್ಮ. ಇರುವೆಗಳು ಮೊಟ್ಟೆಯ ತಂಟೆಗೆ ಹೋಗುವುದಿಲ್ಲ. ಹಕ್ಕಿ ಮಾತ್ರ ಇರುವೆಗಳನ್ನು ತಿನ್ನುತ್ತದೆ. ಬಾಡಿಗೆದಾರನು ಮನೆಯ ಯಜಮಾನನನ್ನೇ ತಿನ್ನುವ ಈ ವ್ಯವಸ್ಥೆಯನ್ನು ಕೇಳಿ ಅವಳು ನಕ್ಕಳು.

ಬನದಾಚೆಯ ನೆಡುತೋಪನ್ನು ದಾಟುವಾಗ ಮುದುಕರು ಕೈಬೀಸಿ, “ಇಷ್ಟೂ ಗಿಡನ ಸರ. ಒಂದರಾಗೂ ತೂತಿಲ್ಲ,” ಎಂದರು. ಎಳೆಯ, ನೆಟ್ಟಗಿನ, ಪೊಟರೆ ಮೂಡುವ ವಯಸ್ಸಿಗೆ ಮುಂಚೆಯೇ ಕಡಿತಕ್ಕೆ ಬರುವ ಮರಗಳು. ತೋಪಿನ ಕೊನೆಯಲ್ಲಿ ಹೆಂಗಸರಿಬ್ಬರು ಒಣ ಸೌದೆಯ ಹೊರೆ ಹೊತ್ತು ಹೋಗುತ್ತಿದ್ದರು. ಅವರನ್ನು ದೂರುವ ಹಕ್ಕು, ಗ್ಯಾಸಿನ ಒಲೆಯ ಮೇಲೆ ಚಹ ಕಾಸಿಕೊಂಡು ಹಿತ್ತಿಲಿನ ಕೊಂಬೆ ಕಡಿಸಿದವನಿಗೆ ಇದೆಯೆಂದು ನನಗನಿಸಲಿಲ್ಲ.

ಅನಗೋಳಕ್ಕೆ ಮರಳಿದ ಮೇಲೆ ಮೊಮ್ಮಗಳ ಒತ್ತಾಯಕ್ಕೆ ಒಂದು ಹಾಲಿವಾಣದ ಒಣಬೊಡ್ಡೆಯನ್ನು ತರಿಸಿ, ಮಾವಿನ ಮರಕ್ಕೆ ಓರೆಯಾಗಿ ಕಟ್ಟಿಸಿದೆ. ಹಲಗೆಯ ಪೆಟ್ಟಿಗೆ ಬೇಡವೆಂಬುದು ಅವಳ ನಿರ್ಣಯ. ಕುಟ್ರು ಸ್ವತಃ ಕೊರೆದ ಮನೆಯನ್ನು ಬಯಸುವ ಹಕ್ಕಿಯಲ್ಲವೇ? ಮಾವಿನ ಇನ್ನೊಂದು ಕೊಂಬೆಯ ತುದಿಯೂ ಒಣಗುತ್ತಿದೆ. ನೆರೆಯವರು ಅದನ್ನು ತೋರಿಸಿ ಎರಡು ಸಲ ಕೆಮ್ಮಿದರು. ತಗಡಿಗೆ ಹಾನಿಯಾದರೆ ಹೊಸ ತಗಡು ನನ್ನದೆಂದು ಮಾತು ಕೊಟ್ಟಿದ್ದೇನೆ. ಮನೆಯಾಕೆಗೆ ಇದು ಇನ್ನೂ ಗೊತ್ತಿಲ್ಲ.

ಮಳೆಗಾಲ ಕಳೆಯಿತು. ದೀಪಾವಳಿಗೆ ಖಾನಾಪುರದ ನೆಂಟರು ಬಂದಾಗ ಬಸರಿಯ ಮರವನ್ನು ವಿಚಾರಿಸಿದೆ. ಲಗ್ನ ಚೆನ್ನಾಗಿ ಆಯಿತಂತೆ. ಮರ ನಿಂತಿದೆಯಂತೆ; ಸಾಲ ಮಾಡಿದ್ದಾರಂತೆ. ಡಿಸೆಂಬರಿನ ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಹಿಡಿಯಷ್ಟು ಮರದ ಹೊಟ್ಟು ಬಿದ್ದಿತ್ತು. ತಲೆಯೆತ್ತಿ ನೋಡಿದರೆ, ಹಾಲಿವಾಣದ ಬೊಡ್ಡೆಯನ್ನು ಬಿಟ್ಟು, ನೆರೆಯವರು ತೋರಿಸಿದ್ದ ಅದೇ ತುದಿಗೊಂಬೆಯ ಕೆಳಮಗ್ಗುಲಿಗೆ ಒಂದು ಗುಂಡಗಿನ ಗುರುತು. ಕುಟ್ರುಗಳು ಹೀಗೆ ಕೊರೆಯತೊಡಗಿ ನಡುವೆ ಬಿಟ್ಟುಹೋಗುವುದೂ ಉಂಟೆಂದು ಪುಸ್ತಕ ಹೇಳುತ್ತದೆ. ಹುಬ್ಬಳ್ಳಿಯಿಂದ ದಿನವೂ ಸಂಜೆ ಫೋನು ಬರುತ್ತಿದೆ.

“ಎಷ್ಟ್ ಆತು ಅಜ್ಜಾ?”

ಇವತ್ತಿಗೆ ಎರಡು ಬೆರಳಿನಷ್ಟು ಆಳವಾಗಿದೆ ಎಂದೆ.